ಸ್ಟೋರೇಜ್ ಡೀಮನ್ ಮೆಮೊರಿ ಬಿಕ್ಕಟ್ಟಿನಲ್ಲಿ ಹ್ಯಾಂಗ್ ಆಗದಂತೆ: ಲಿನಕ್ಸ್ ಐಒ ಫ್ಲಶರ್ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಸ್ಟೋರೇಜ್ ಡೀಮನ್ ಎಂದರೆ ಹಿನ್ನೆಲೆಯಲ್ಲಿ ಓಡುತ್ತ ಡಿಸ್ಕ್ ಓದು-ಬರಹದ (ಐಒ) ವಿನಂತಿಗಳನ್ನು ಪೂರೈಸುವ ಪ್ರೋಗ್ರಾಂ. ಐಒ ಫ್ಲಶರ್ ಎಂದರೆ ಅದರ ಥ್ರೆಡ್‌ಗೆ ಮೆಮೊರಿ ಕೊಡುವಾಗ ಹೊಸ ಐಒ ಶುರು ಮಾಡಬೇಡ ಎಂದು ಕರ್ನಲ್‌ಗೆ ಹೇಳುವ ಗುರುತು. ಫ್ಯೂಸ್ ಫೈಲ್‌ಸಿಸ್ಟಂ, ಎನ್‌ಬಿಡಿ ಸರ್ವರ್, ಐಸ್ಕಸಿ ಅಥವಾ ಮಲ್ಟಿಪಾತ್ ಡೀಮನ್ ನಡೆಸುವವರು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ: "ಐಒ ಫ್ಲಶರ್ ಹಾಕಿದ್ದೇನೆ, ಆದರೂ ಮೆಮೊರಿ ಬಿಗಿಯಾದ ಕೂಡಲೇ ಮಷೀನ್ ನಿಂತುಬಿಡುತ್ತದೆ. ಯಾಕೆ?" ಕೋಡ್ ತೆರೆದು ನೋಡಿದರೆ ಕರೆ ಇರುತ್ತದೆ, ಆದರೆ ಇರಬೇಕಾದ ಸಾಲಿನಲ್ಲಿ ಇರುವುದಿಲ್ಲ. ಥ್ರೆಡ್‌ಗಳು ಹುಟ್ಟಿದ ಮೇಲೆ ಕರೆದಿರುತ್ತಾರೆ, ಇಲ್ಲವೇ ಅಧಿಕಾರ ಬಿಟ್ಟುಕೊಟ್ಟ ಮೇಲೆ ಕರೆದು ಸಿಕ್ಕ ಎರರ್ ಅನ್ನು ನುಂಗಿಕೊಂಡಿರುತ್ತಾರೆ. ಈ ಕೆಲಸದಲ್ಲಿ ಏನು ಮಾಡುತ್ತೀರಿ ಎನ್ನುವುದಕ್ಕಿಂತ ಯಾವುದರ ನಂತರ ಯಾವುದು ಮಾಡುತ್ತೀರಿ ಎನ್ನುವುದೇ ದೊಡ್ಡದು. ಹಾಗಾಗಿ ಹಂತಗಳನ್ನು ಅದೇ ಕ್ರಮದಲ್ಲಿ ಓದಿ, ಅದೇ ಕ್ರಮದಲ್ಲಿ ಮಾಡಿ.

ಕರೆಗಳ ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಉಚ್ಚಾರದಂತೆ ಬರೆದಿದ್ದೇನೆ. ಗೊಂದಲವಾಗದಿರಲೆಂದು ಬೇಕಾದ ಕಡೆ ಸಂಖ್ಯೆಯನ್ನೂ ಕೊಟ್ಟಿದ್ದೇನೆ.

## ಹಂತ 1: ಇದು ಇದೇ ರೋಗವೇ ಎಂದು ಖಚಿತ ಮಾಡಿಕೊಳ್ಳಿ

ಡೀಮನ್‌ಗೆ ಒಂದು ಐಒ ವಿನಂತಿ ಬರುತ್ತದೆ. ಅದನ್ನು ಪೂರೈಸಲು ಅದು ಸಾಕೆಟ್‌ಗೆ ಬರೆಯಬೇಕು, ಅದಕ್ಕೆ ಕರ್ನಲ್‌ನಲ್ಲಿ ಒಂದಿಷ್ಟು ಮೆಮೊರಿ ಬೇಕು. ಖಾಲಿ ಪೇಜ್‌ಗಳು (ಮೆಮೊರಿಯ ತುಣುಕುಗಳು) ಇಲ್ಲದಿದ್ದರೆ ಕೇಳಿದವರ ಕೈಯಲ್ಲೇ ಕರ್ನಲ್ ಜಾಗ ತೆರವು ಮಾಡಿಸುತ್ತದೆ. ಇದೇ ಡೈರೆಕ್ಟ್ ರಿಕ್ಲೇಮ್. ತೆರವಿನ ದಾರಿಯಲ್ಲಿ ಸ್ವಾಪ್‌ಗೆ ಬರೆಯುವುದು ಬರಬಹುದು, ಫೈಲ್‌ಸಿಸ್ಟಂನ ಐನೋಡ್ ಕ್ಯಾಶ್ ಕುಗ್ಗಿಸುವುದು ಬರಬಹುದು, ಬರವಣಿಗೆ ಮುಗಿಯಲೆಂದು ಕಾಯುವುದೂ ಬರಬಹುದು. ಆ ಫೈಲ್‌ಸಿಸ್ಟಂ ಕುಳಿತಿರುವುದು ಇದೇ ಡೀಮನ್ ನಡೆಸುವ ಡಿವೈಸ್ ಮೇಲಾದರೆ ಕಥೆ ಮುಗಿಯಿತು. ಐಒ ಮುಗಿಯಲು ಮೆಮೊರಿ ಬೇಕು, ಮೆಮೊರಿ ಸಿಗಲು ಐಒ ಮುಗಿಯಬೇಕು. ಹುಚ್ಚು ಬಿಡುವ ತನಕ ಮದುವೆ ಆಗದು, ಮದುವೆ ಆಗುವ ತನಕ ಹುಚ್ಚು ಬಿಡದು ಎಂಬ ಗಾದೆಯಂತೆ ಎರಡೂ ಅಲ್ಲೇ ನಿಲ್ಲುತ್ತವೆ.

ಹೊರಗಿನಿಂದ ಕಾಣುವುದು ಇಷ್ಟು: ಡೀಮನ್‌ನ ಒಂದು ಅಥವಾ ಹೆಚ್ಚು ಥ್ರೆಡ್‌ಗಳು ಪಿಎಸ್ ಪಟ್ಟಿಯಲ್ಲಿ "ಡಿ" ಸ್ಥಿತಿಯಲ್ಲಿರುತ್ತವೆ, ಕಿಲ್ 9 ಕೊಟ್ಟರೂ ಸಾಯುವುದಿಲ್ಲ. ಕರ್ನಲ್ ಲಾಗ್‌ನಲ್ಲಿ ಇಂಥ ಟಾಸ್ಕ್ 120 ಸೆಕೆಂಡಿಗಿಂತ ಹೆಚ್ಚು ಕಾಲ ತಡೆಹಿಡಿಯಲ್ಪಟ್ಟಿದೆ ಎಂಬ ಎಚ್ಚರಿಕೆ ಬೀಳುತ್ತದೆ.

ಇಷ್ಟಕ್ಕೇ ತೀರ್ಮಾನಕ್ಕೆ ಬರಬೇಡಿ. ಪ್ರಾಕ್ ಕೆಳಗೆ ಆ ಥ್ರೆಡ್‌ನ ಸ್ಟ್ಯಾಕ್ ಫೈಲ್ ಓದಿ. ಅಲ್ಲಿಗೆ ಕೈ ಹೋಗದಿದ್ದರೆ ಸಿಸ್‌ರಿಕ್ವೆಸ್ಟ್‌ನ "ಡಬ್ಲ್ಯು" ಅಕ್ಷರ ಕೊಟ್ಟರೆ ತಡೆಹಿಡಿದ ಎಲ್ಲ ಟಾಸ್ಕ್‌ಗಳ ಸ್ಟ್ಯಾಕ್ ಲಾಗ್‌ಗೆ ಬೀಳುತ್ತದೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಿ. ಕೆಳಗೆ ಡೀಮನ್ ಮಾಡಿದ ಸಿಸ್ಟಂ ಕಾಲ್, ನಡುವೆ ಪೇಜ್ ಹಂಚುವ ಫಂಕ್ಷನ್, ಅದರ ಮೇಲೆ "ಟ್ರೈ ಟು ಫ್ರೀ ಪೇಜಸ್", "ಶ್ರಿಂಕ್ ನೋಡ್" ಅಥವಾ "ಶ್ರಿಂಕ್ ಸ್ಲ್ಯಾಬ್", ತುದಿಯಲ್ಲಿ ಎಕ್ಸ್‌ಎಫ್‌ಎಸ್‌ನದೋ ಇಎಕ್ಸ್‌ಟಿ4ನದೋ ಒಂದು ಕಾಯುವ ಫಂಕ್ಷನ್ ಕಂಡರೆ ಇದು ಇದೇ ರೋಗ. ಶ್ರಿಂಕ್ ಎಂಬ ಪದವೇ ಇಲ್ಲದೆ ಬರೀ ಫ್ಯುಟೆಕ್ಸ್ ಕಂಡರೆ ಅದು ನಿಮ್ಮದೇ ಕೋಡಿನ ಲಾಕ್ ಸಮಸ್ಯೆ. ಮುಂದಿನ ಯಾವ ಹಂತವೂ ಅದನ್ನು ಸರಿ ಮಾಡುವುದಿಲ್ಲ.

## ಹಂತ 2: ಬೇಕಾದುದನ್ನು ಜೋಡಿಸಿಕೊಳ್ಳಿ

ಕರ್ನಲ್ 5.6 ಅಥವಾ ಅದಕ್ಕಿಂತ ಹೊಸದು ಬೇಕು. ಐಒ ಫ್ಲಶರ್ ಸೌಲಭ್ಯ ಬಂದದ್ದು ಆ ಆವೃತ್ತಿಯಲ್ಲಿ, 2020ರ ಮಾರ್ಚ್‌ನಲ್ಲಿ. ಡೆಬಿಯನ್ 11ರ 5.10, ಉಬುಂಟು 22.04ರ 5.15 ಎರಡರಲ್ಲೂ ಇದೆ. ಉಬುಂಟು 20.04 ಮೊದಲು ಬಂದಾಗಿನ 5.4ರಲ್ಲಿ ಇಲ್ಲ. ಆದರೆ ಕೋಡ್‌ನಲ್ಲಿ ಆವೃತ್ತಿ ಸಂಖ್ಯೆ ಹೋಲಿಸಲು ಹೋಗಬೇಡಿ, ಕೆಲವು ಎಂಟರ್‌ಪ್ರೈಸ್ ಕರ್ನಲ್‌ಗಳು ಹೊಸ ಸೌಲಭ್ಯಗಳನ್ನು ಹಳೆಯ ಸಂಖ್ಯೆಗೇ ತಂದುಕೊಳ್ಳುತ್ತವೆ. ನೇರ ಕರೆದು ನೋಡಿ, ಇಲ್ಲದಿದ್ದರೆ ಎರರ್ ಸಂಖ್ಯೆ 22 ಬರುತ್ತದೆ.

ಕ್ಯಾಪ್ ಸಿಸ್ ರಿಸೋರ್ಸ್ ಎಂಬ ಅಧಿಕಾರ ಬೇಕು. ಇಲ್ಲದಿದ್ದರೆ ಎರರ್ 1. ಇಲ್ಲಿ ಬಹಳ ಜನ ಎಡವುತ್ತಾರೆ: ಯೂಸರ್ ನೇಮ್‌ಸ್ಪೇಸ್ (ಕಂಟೇನರ್‌ಗೆ ತನ್ನದೇ ಬಳಕೆದಾರರ ಪಟ್ಟಿ ಕೊಡುವ ಆವರಣ) ಒಳಗಿನ ರೂಟ್ ಇದಕ್ಕೆ ಸಾಲದು. ಕರ್ನಲ್ ಕೇಳುವುದು ಮೂಲ ನೇಮ್‌ಸ್ಪೇಸ್‌ನ ಅಧಿಕಾರವನ್ನು. ರೂಟ್‌ಲೆಸ್ ಕಂಟೇನರ್ ಒಳಗೆ "ನಾನು ರೂಟ್ ಆಗಿಯೇ ಓಡುತ್ತಿದ್ದೇನಲ್ಲ" ಎಂದುಕೊಂಡರೆ ಕರೆ ವಿಫಲವಾಗುತ್ತದೆ.

ಪ್ರಯೋಗಕ್ಕೆ 2 ಜಿಬಿ ಮೆಮೊರಿಯ ಒಂದು ವರ್ಚುವಲ್ ಮಷೀನ್, ಅದಕ್ಕೆ ಸೀರಿಯಲ್ ಕನ್ಸೋಲ್, ಪೂರ್ತಿ ತೆರೆದ ಸಿಸ್‌ರಿಕ್ವೆಸ್ಟ್, ಜೊತೆಗೆ ಸ್ಟ್ರೆಸ್-ಎನ್‌ಜಿ ಮತ್ತು ಡಿಡಿ. ದಿನಬಳಕೆಯ ಲ್ಯಾಪ್‌ಟಾಪ್ ಮೇಲೆ ಇದನ್ನು ಮಾಡಬೇಡಿ. ಬೇಕೆಂದೇ ಹ್ಯಾಂಗ್ ಮಾಡಿಸುವ ಕೆಲಸ ಇದು.

## ಹಂತ 3: ಕರೆಯನ್ನು ಸರಿಯಾದ ಜಾಗದಲ್ಲಿ ಇಡಿ

ಕರೆಯ ಹೆಸರು ಪಿಆರ್‌ಸಿಟಿಎಲ್. ಮೊದಲ ಆರ್ಗ್ಯುಮೆಂಟ್ "ಪಿಆರ್ ಸೆಟ್ ಐಒ ಫ್ಲಶರ್", ಸಂಖ್ಯೆ 57. ಎರಡನೆಯದು 1 ಕೊಟ್ಟರೆ ಆನ್, 0 ಕೊಟ್ಟರೆ ಆಫ್. ಉಳಿದ ಮೂರೂ ಸೊನ್ನೆಯೇ ಆಗಿರಬೇಕು. ಸೊನ್ನೆಯಲ್ಲದಿದ್ದರೆ ಎರರ್ 22.

ಈ "ಉಳಿದ ಮೂರು" ಎಂಬಲ್ಲಿ ಒಂದು ಸೂಕ್ಷ್ಮವಿದೆ. ಸಿ ಭಾಷೆಯಲ್ಲಿ ಪಿಆರ್‌ಸಿಟಿಎಲ್ ಎಷ್ಟು ಆರ್ಗ್ಯುಮೆಂಟ್ ಕೊಟ್ಟರೂ ಸ್ವೀಕರಿಸುವ ಫಂಕ್ಷನ್. ಎರಡೇ ಕೊಟ್ಟರೂ ಕಂಪೈಲರ್ ಸುಮ್ಮನಿರುತ್ತದೆ, ಮಿಕ್ಕ ಜಾಗದಲ್ಲಿ ಕಸ ಹೋಗುತ್ತದೆ. ಕರೆ ಒಮ್ಮೆ ಗೆದ್ದು ಮತ್ತೊಮ್ಮೆ ಸೋಲುತ್ತಿದ್ದರೆ ಮೊದಲು ಇಲ್ಲಿ ನೋಡಿ. ಐದೂ ಕೊಡಿ, ಐದನ್ನೂ ಅನ್‌ಸೈನ್ಡ್ ಲಾಂಗ್ ಆಗಿ ಕೊಡಿ. ಹೆಡರ್ ಹಳೆಯದಾಗಿ ಹೆಸರು ಸಿಗದಿದ್ದರೆ 57 ಎಂದು ನೀವೇ ಡಿಫೈನ್ ಮಾಡಿಕೊಂಡರೆ ಸಾಕು.

ಈಗ ಜಾಗ. ಈ ಗುರುತು ಇಡೀ ಪ್ರೊಸೆಸ್‌ಗೆ ಹತ್ತುವುದಿಲ್ಲ, ಕರೆದ ಥ್ರೆಡ್‌ಗೆ ಮಾತ್ರ ಹತ್ತುತ್ತದೆ. ಆಮೇಲೆ ಆ ಥ್ರೆಡ್ ಹುಟ್ಟಿಸಿದ ಥ್ರೆಡ್‌ಗಳಿಗೂ ಮಕ್ಕಳಿಗೂ ಇಳಿದು ಬರುತ್ತದೆ. ಮೊದಲೇ ಹುಟ್ಟಿದವಕ್ಕೆ ಹಿಂದಕ್ಕೆ ಹೋಗಿ ಹತ್ತುವುದಿಲ್ಲ. ಆದ್ದರಿಂದ ಮೇನ್ ಫಂಕ್ಷನ್ ಶುರುವಾದ ಕೂಡಲೇ, ಲಾಗಿಂಗ್ ಲೈಬ್ರರಿ, ಆರ್‌ಪಿಸಿ ಲೈಬ್ರರಿ, ಥ್ರೆಡ್ ಪೂಲ್ ಯಾವುದನ್ನೂ ಮುಟ್ಟುವ ಮುನ್ನ ಕರೆಯಿರಿ. ಥ್ರೆಡ್ ಪೂಲ್ ನಾನು ಆಮೇಲೆ ಮಾಡುತ್ತೇನೆ ಎಂದು ನೀವು ಅಂದುಕೊಂಡಿರುತ್ತೀರಿ. ನೀವು ಸೇರಿಸಿದ ಯಾವುದೋ ಲೈಬ್ರರಿ ತನ್ನ ಇನಿಶಿಯಲೈಸ್ ಕರೆಯಲ್ಲೇ ಎರಡು ಥ್ರೆಡ್ ಎಬ್ಬಿಸಿಬಿಟ್ಟಿರುತ್ತದೆ, ಸಾಕೆಟ್‌ಗೆ ಬರೆಯುವುದು ಅವೇ ಆಗಿರುತ್ತವೆ.

ಸೆಟ್‌ಯುಐಡಿ ಮಾಡಿ ರೂಟ್ ಬಿಡುವ ಡೀಮನ್ ಆದರೆ, ಬಿಡುವ ಮುನ್ನವೇ ಕರೆಯಿರಿ. ಒಮ್ಮೆ ಹತ್ತಿದ ಗುರುತು ಅಧಿಕಾರ ಬಿಟ್ಟ ಮಾತ್ರಕ್ಕೆ ಹೋಗುವುದಿಲ್ಲ.

ಎರರ್ ಬಂದರೆ ಏನು ಮಾಡಬೇಕು? 22 ಬಂದರೆ ಎಚ್ಚರಿಕೆ ಬರೆದು ಮುಂದುವರಿಯಿರಿ, ಹಳೆಯ ಕರ್ನಲ್‌ನಲ್ಲೂ ಡೀಮನ್ ಓಡಬೇಕಲ್ಲ. 1 ಬಂದರೆ ನಿಲ್ಲಿಸಿಬಿಡಿ ಎಂದು ನನ್ನ ಸಲಹೆ. ಸೌಲಭ್ಯ ಇದೆ, ನಿಮ್ಮ ಹೊಂದಿಕೆ ತಪ್ಪಾಗಿದೆ ಎಂದು ಕರ್ನಲ್ ಸ್ಪಷ್ಟವಾಗಿ ಹೇಳುತ್ತಿದೆ. ಆ ಮಾತನ್ನು ಇಂದು ಕೇಳದಿದ್ದರೆ ಮುಂದೊಂದು ರಾತ್ರಿ ಮಷೀನ್ ಹ್ಯಾಂಗ್ ಆದಾಗ ಕೇಳಬೇಕಾಗುತ್ತದೆ.

### ಕೋಡ್ ಮುಟ್ಟಲಾಗದ ಡೀಮನ್ ಆದರೆ

ಗುರುತು ಎಕ್ಸೆಕ್ (ಅದೇ ಪ್ರೊಸೆಸ್‌ನಲ್ಲಿ ಬೇರೆ ಪ್ರೋಗ್ರಾಂ ಓಡಿಸುವ ಕರೆ) ಆದಮೇಲೂ ಉಳಿಯುತ್ತದೆ. ಇದು ದೊಡ್ಡ ಅನುಕೂಲ. ಹತ್ತು ಸಾಲಿನ ಒಂದು ಪುಟ್ಟ ಪ್ರೋಗ್ರಾಂ ಬರೆಯಿರಿ: ಪಿಆರ್‌ಸಿಟಿಎಲ್ ಕರೆದು, ಉತ್ತರ ಪರೀಕ್ಷಿಸಿ, ನಿಜವಾದ ಡೀಮನ್ ಅನ್ನು ಎಕ್ಸೆಕ್ ಮಾಡುವುದಷ್ಟೇ ಅದರ ಕೆಲಸ. ಸರ್ವಿಸ್ ಫೈಲ್‌ನಲ್ಲಿ ಡೀಮನ್ ಬದಲು ಇದನ್ನು ಕರೆಯಿರಿ.

ಗೋ ಭಾಷೆಯ ಡೀಮನ್‌ಗಳಿಗೆ ಇದೇ ದಾರಿ ಒಳ್ಳೆಯದು. ನಿಮ್ಮ ಮೇನ್ ಫಂಕ್ಷನ್ ಮೊದಲ ಸಾಲಿಗೆ ಬರುವಷ್ಟರಲ್ಲಿ ಗೋ ರನ್‌ಟೈಮ್ ತನ್ನದೇ ಥ್ರೆಡ್‌ಗಳನ್ನು ಎಬ್ಬಿಸಿರುತ್ತದೆ, ಗೊರೂಟೀನ್ ಯಾವ ಥ್ರೆಡ್ ಮೇಲೆ ಓಡುತ್ತದೆಂಬುದು ನಿಮ್ಮ ಕೈಯಲ್ಲಿರುವುದಿಲ್ಲ. ಹೊರಗಿನಿಂದ ಗುರುತು ಹತ್ತಿಸಿ ಒಳಗೆ ಕಳಿಸಿದರೆ ಹುಟ್ಟುವ ಪ್ರತಿ ಥ್ರೆಡ್ ಅದನ್ನು ಹೊತ್ತೇ ಹುಟ್ಟುತ್ತದೆ. ಜಾವಾ ಡೀಮನ್‌ಗಳಿಗೂ ಇದೇ ಮಾತು.

## ಹಂತ 4: ಪ್ರತಿ ಥ್ರೆಡ್‌ಗೂ ಹತ್ತಿದೆಯೇ ಎಂದು ಲೆಕ್ಕ ಹಾಕಿ ನೋಡಿ

ಓದಲು ಸಂಖ್ಯೆ 58ರ ಕರೆ ಇದೆ. ಆದರೆ ಅದಕ್ಕೂ ಅದೇ ಅಧಿಕಾರ ಬೇಕು, ಜೊತೆಗೆ ಅದು ಕರೆದ ಥ್ರೆಡ್‌ನ ಸ್ಥಿತಿಯನ್ನಷ್ಟೇ ಹೇಳುತ್ತದೆ. ಹೊರಗಿನಿಂದ ನೋಡುವ ದಾರಿಯೇ ವಾಸಿ.

ಪ್ರಾಕ್ ಕೆಳಗೆ ಡೀಮನ್‌ನ ಪಿಐಡಿ, ಅದರೊಳಗೆ ಟಾಸ್ಕ್ ಡೈರೆಕ್ಟರಿ, ಅಲ್ಲಿ ಪ್ರತಿ ಥ್ರೆಡ್‌ಗೂ ಒಂದು ಸ್ಟ್ಯಾಟ್ ಫೈಲ್ ಇರುತ್ತದೆ. ಅದರ 9ನೇ ಅಂಕಣವೇ ಥ್ರೆಡ್‌ನ ಫ್ಲ್ಯಾಗ್‌ಗಳು, ದಶಮಾಂಶ ಸಂಖ್ಯೆಯಾಗಿ. ಐಒ ಫ್ಲಶರ್ ಎಂದರೆ ಇದರಲ್ಲಿ ಎರಡು ಬಿಟ್‌ಗಳು: 524288 ಬೆಲೆಯದು ಒಂದು, 1048576 ಬೆಲೆಯದು ಇನ್ನೊಂದು. ಹಾಗಾಗಿ ಆ ಸಂಖ್ಯೆಯನ್ನು 524288ರಿಂದ ಭಾಗಿಸಿ, ಭಾಗಲಬ್ಧದ ಪೂರ್ಣಾಂಕವನ್ನು 4ರಿಂದ ಭಾಗಿಸಿದಾಗ ಶೇಷ 3 ಬರಬೇಕು.

ಉದಾಹರಣೆಗೆ 4194560 ಎಂದು ಕಂಡರೆ: ಭಾಗಿಸಿದಾಗ 8, ಶೇಷ 0. ಹತ್ತಿಲ್ಲ. 5767424 ಎಂದು ಕಂಡರೆ: 11, ಶೇಷ 3. ಹತ್ತಿದೆ. ಶೇಷ 1 ಬಂದರೆ ಮೊದಲ ಬಿಟ್ ಮಾತ್ರ ಇದೆ. ಕರ್ನಲ್ ತನ್ನೊಳಗಿನ ಯಾವುದೋ ಕೆಲಸಕ್ಕೆ ಅದನ್ನು ಆ ಕ್ಷಣಕ್ಕೆ ಹಚ್ಚಿಕೊಂಡಿರಬಹುದು, ಇನ್ನೊಮ್ಮೆ ಓದಿ.

ಸ್ಕ್ರಿಪ್ಟ್ ಬರೆಯುವವರಿಗೆ ಒಂದು ಎಚ್ಚರಿಕೆ. 2ನೇ ಅಂಕಣ ಥ್ರೆಡ್‌ನ ಹೆಸರು, ಆವರಣ ಚಿಹ್ನೆಗಳೊಳಗೆ ಇರುತ್ತದೆ. ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಎಣಿಕೆ ತಪ್ಪಿ ಬೇರೆ ಅಂಕಣ ಓದಿಬಿಡುತ್ತೀರಿ. ಸಾಲಿನ ಕೊನೆಯ ಮುಚ್ಚುವ ಆವರಣದ ತನಕ ಕತ್ತರಿಸಿ ಎಸೆದು, ಅಲ್ಲಿಂದ 7ನೆಯದನ್ನು ತೆಗೆದುಕೊಳ್ಳಿ.

ಈ ಪರೀಕ್ಷೆಯನ್ನು ಡೀಮನ್ ಶುರುವಾದ ಮೇಲೆ ಒಮ್ಮೆ, ಭಾರ ಬಿದ್ದು ಹೊಸ ಥ್ರೆಡ್‌ಗಳು ಹುಟ್ಟಿದ ಮೇಲೆ ಇನ್ನೊಮ್ಮೆ ಮಾಡಿ. ನಾನು ನೋಡಿದ ಒಂದು ಡೀಮನ್‌ನಲ್ಲಿ ಹತ್ತಾರು ಥ್ರೆಡ್‌ಗಳ ಪೈಕಿ ಒಂದಕ್ಕೆ ಮಾತ್ರ ಗುರುತು ಇರಲಿಲ್ಲ. ಸಂಪರ್ಕ ಕಡಿದಾಗ ಮತ್ತೆ ಜೋಡಿಸುವ ಥ್ರೆಡ್ ಅದೇ ಆಗಿತ್ತು.

## ಹಂತ 5: ಗುರುತು ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂದು ತಿಳಿಯಿರಿ

ಇದನ್ನು ಹಂತ ಎಂದು ಯಾಕೆ ಕರೆದೆ ಎಂದರೆ, ಇಲ್ಲಿ ನಿಂತು ಯೋಚಿಸದವರು ಮುಂದಿನ ಹಂತಗಳನ್ನು ಬಿಟ್ಟುಬಿಡುತ್ತಾರೆ.

ಮೊದಲ ಬಿಟ್ ಇದ್ದರೆ ಆ ಥ್ರೆಡ್ ಕೇಳುವ ಮೆಮೊರಿಗಾಗಿ ಕರ್ನಲ್ ಹೊಸ ಐಒ ಶುರು ಮಾಡುವುದಿಲ್ಲ, ಫೈಲ್‌ಸಿಸ್ಟಂ ಒಳಗೂ ಹೋಗುವುದಿಲ್ಲ. ಬರೆಯುವ ಅಗತ್ಯವಿಲ್ಲದ ಪೇಜ್‌ಗಳನ್ನು ತೆಗೆದು ಕೊಡುತ್ತದೆ, ಮಿಕ್ಕದ್ದಕ್ಕೆ ಹಿನ್ನೆಲೆಯಲ್ಲಿ ಮೆಮೊರಿ ತೆರವು ಮಾಡುವ ಕರ್ನಲ್ ಥ್ರೆಡ್ ಕೆಸ್ವಾಪ್‌ಡಿ ಇದೆ. ಎರಡನೇ ಬಿಟ್ ಕೊಳೆ ಪೇಜ್‌ಗಳ ಮಿತಿಗೆ ಸಂಬಂಧಿಸಿದ್ದು. ಇಡೀ ಮಷೀನ್‌ನಲ್ಲಿ ಬರೆಯದೆ ಉಳಿದ ಪೇಜ್‌ಗಳು ಹೆಚ್ಚಾದವೆಂದು ಕರ್ನಲ್ ಬರೆಯುವವರೆಲ್ಲರನ್ನೂ ತಡೆದು ನಿಲ್ಲಿಸುವಾಗ, ಈ ಥ್ರೆಡ್‌ನ ವಿಷಯದಲ್ಲಿ ಅದು ಬರೆಯುತ್ತಿರುವ ಡಿವೈಸ್‌ನ ಪಾಲನ್ನು ನೋಡುತ್ತದೆ, ಸ್ವಲ್ಪ ಹೆಚ್ಚಿನ ಅವಕಾಶವನ್ನೂ ಕೊಡುತ್ತದೆ. ಆ ಕೊಳೆಯನ್ನು ತೊಳೆಯುತ್ತಿರುವುದು ಇದೇ ಥ್ರೆಡ್ ತಾನೆ.

ಕೊಡದೇ ಇರುವುದು ಎರಡು. ಒಂದು, ತುರ್ತು ಮೀಸಲು ಮೆಮೊರಿಗೆ ಇದು ಪ್ರವೇಶ ಕೊಡುವುದಿಲ್ಲ. ಎರಡು, ಹೆಚ್ಚಿನವರಿಗೆ ಗೊತ್ತಿಲ್ಲದ್ದು: ಇಂಥ ಥ್ರೆಡ್‌ನ ಸಾಮಾನ್ಯ ಬೇಡಿಕೆ ಈಡೇರದಿದ್ದರೆ ಕರ್ನಲ್ ಅದಕ್ಕಾಗಿ ಓಓಎಂ ಕಿಲ್ಲರ್ (ಮೆಮೊರಿ ಮುಗಿದಾಗ ಯಾವುದಾದರೂ ಪ್ರೊಸೆಸ್ ಕೊಲ್ಲುವ ವ್ಯವಸ್ಥೆ) ಅನ್ನು ಎಬ್ಬಿಸುವುದಿಲ್ಲ. ಫೈಲ್‌ಸಿಸ್ಟಂ ಮುಟ್ಟಬೇಡ ಎಂದವರಿಗೆ "ಇನ್ನೂ ತೆರವು ಮಾಡಬಹುದಾದದ್ದು ಉಳಿದಿರಬಹುದು, ಬೇರೆಯವರು ಮಾಡಲಿ" ಎನ್ನುವುದು ಅದರ ನಿಲುವು. ಥ್ರೆಡ್ ಮತ್ತೆ ಮತ್ತೆ ಪ್ರಯತ್ನಿಸುತ್ತ ಉಳಿಯುತ್ತದೆ. ನಿಮ್ಮ ಡೀಮನ್ನೇ ಮೆಮೊರಿ ಸೋರುತ್ತಿದ್ದರೆ ಐಒ ಫ್ಲಶರ್ ಅದನ್ನು ಉಳಿಸುವುದಿಲ್ಲ, ಹ್ಯಾಂಗ್ ಆಗುವ ಬಗೆಯನ್ನು ಬದಲಿಸುತ್ತದೆ ಅಷ್ಟೆ. ಹಾಗಾಗಿ ಐಒ ದಾರಿಯಲ್ಲಿ ಆದಷ್ಟು ಮೆಮೊರಿ ಕೇಳದಿರುವುದೇ ನಿಜವಾದ ಮದ್ದು. ಮುಂದಿನ ಹಂತ ಅದಕ್ಕಾಗಿ.

## ಹಂತ 6: ಮೆಮೊರಿಯನ್ನು ಮೊದಲೇ ಹಿಡಿದು, ಬೀಗ ಹಾಕಿ

ಬಫರ್‌ಗಳನ್ನು ಶುರುವಿನಲ್ಲೇ ಹಂಚಿಕೊಳ್ಳಿ. ಏಕಕಾಲಕ್ಕೆ ಎಷ್ಟು ವಿನಂತಿ ನಡೆಯಬಹುದು ಎಂಬುದಕ್ಕೆ ಒಂದು ಮಿತಿ ಇರಲಿ, ಆ ಮಿತಿಗೆ ತಕ್ಕಷ್ಟು ಬಫರ್ ಇರಲಿ. ಹಂಚಿಕೊಂಡರೆ ಸಾಲದು, ಪ್ರತಿ ಪೇಜ್‌ಗೂ ಒಂದು ಬೈಟ್ ಬರೆದು ಮುಟ್ಟಿ. ಮುಟ್ಟುವ ತನಕ ಕರ್ನಲ್ ನಿಜವಾದ ಪೇಜ್ ಕೊಟ್ಟಿರುವುದಿಲ್ಲ.

ಜಿಲಿಬ್‌ಸಿ (ಲಿನಕ್ಸ್‌ನ ಸಾಮಾನ್ಯ ಸಿ ಲೈಬ್ರರಿ) ಬಳಸುವವರು ಮಾಲ್‌ಆಪ್ಟ್ ಮೂಲಕ ಟ್ರಿಮ್ ಥ್ರೆಶೋಲ್ಡ್ ಅನ್ನು -1 ಮಾಡಿ, ಎಂಮ್ಯಾಪ್ ಮ್ಯಾಕ್ಸ್ ಅನ್ನು 0 ಮಾಡಿ. ಇಲ್ಲದಿದ್ದರೆ ನೀವು ಬಿಡುಗಡೆ ಮಾಡಿದ ಮೆಮೊರಿಯನ್ನು ಅದು ಕರ್ನಲ್‌ಗೆ ಹಿಂದಿರುಗಿಸಿಬಿಡುತ್ತದೆ, ಬಿಕ್ಕಟ್ಟಿನ ಹೊತ್ತಿನಲ್ಲಿ ಮತ್ತೆ ಕೇಳಬೇಕಾಗುತ್ತದೆ. 64 ಬಿಟ್ ಮಷೀನ್‌ನಲ್ಲಿ ಅದು ಪ್ರತಿ ಕೋರ್‌ಗೆ 8ರಂತೆ ಅರೀನಾ (ಹಂಚಿಕೆಯ ಪ್ರತ್ಯೇಕ ಮೆಮೊರಿ ಕಣಜ) ತೆರೆಯಬಲ್ಲದು. ಅರೀನಾ ಮ್ಯಾಕ್ಸ್ ಅನ್ನು ಒಂದೋ ಎರಡೋ ಮಾಡಿದರೆ ಮೆಮೊರಿ ಎಲ್ಲಿದೆಯೆಂಬ ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ.

ಆಮೇಲೆ ಪ್ರೊಸೆಸ್‌ನ ಮೆಮೊರಿಯನ್ನು ಹೊರಹಾಕದಂತೆ ಬೀಗ ಹಾಕುವ ಎಂಲಾಕ್‌ಆಲ್ ಕರೆ, ಕರೆಂಟ್ ಮತ್ತು ಫ್ಯೂಚರ್ ಎರಡೂ ಗುರುತುಗಳೊಂದಿಗೆ. ಇದು ಬಫರ್‌ಗಳಿಗಿಂತಲೂ ಹೆಚ್ಚಾಗಿ ಡೀಮನ್‌ನ ಸ್ವಂತ ಕೋಡ್‌ಗೆ ಬೇಕು. ಪ್ರೋಗ್ರಾಂ ಫೈಲ್‌ನ ಪೇಜ್‌ಗಳು ಬರೆಯಬೇಕಿಲ್ಲದ ಪೇಜ್‌ಗಳು, ಮೆಮೊರಿ ಬಿಗಿಯಾದಾಗ ಕರ್ನಲ್ ಅವನ್ನು ಸಲೀಸಾಗಿ ಕೈಬಿಡುತ್ತದೆ. ರೂಟ್ ಫೈಲ್‌ಸಿಸ್ಟಂ ಇದೇ ಡೀಮನ್ ನಡೆಸುವ ಡಿವೈಸ್ ಮೇಲಿದ್ದರೆ, ಆ ಕೋಡ್ ಮತ್ತೆ ಓದಲು ಡೀಮನ್ ಓಡಬೇಕು, ಡೀಮನ್ ಓಡಲು ಆ ಕೋಡ್ ಬೇಕು. ಐಒ ಫ್ಲಶರ್ ಗುರುತು ಇದನ್ನು ತಡೆಯುವುದಿಲ್ಲ. ಕೀಲಿಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಒತ್ತಿದಂತೆ.

ಈ ಇಡೀ ಕೆಲಸದಲ್ಲಿ ಜನ ಮಾಡುವ ಅತಿ ಸಾಮಾನ್ಯ ತಪ್ಪು ಇಲ್ಲೇ ಇದೆ. ಐಒ ಫ್ಲಶರ್ ಫೋರ್ಕ್‌ನಲ್ಲಿ (ಪ್ರೊಸೆಸ್ ತನ್ನ ಪ್ರತಿಯಾಗಿ ಮಗುವನ್ನು ಹುಟ್ಟಿಸುವ ಕರೆ) ಮಗುವಿಗೆ ಇಳಿಯುತ್ತದೆ, ಎಕ್ಸೆಕ್‌ನಲ್ಲೂ ಉಳಿಯುತ್ತದೆ. ಎಂಲಾಕ್‌ಆಲ್ ಹಾಗಲ್ಲ: ಫೋರ್ಕ್‌ನಲ್ಲಿ ಮಗುವಿಗೆ ಬರುವುದಿಲ್ಲ, ಎಕ್ಸೆಕ್‌ನಲ್ಲಿ ಕಳೆದುಹೋಗುತ್ತದೆ. ಎರಡನ್ನೂ ಮೇನ್‌ನ ಮೊದಲಲ್ಲಿ ಒಟ್ಟಿಗೆ ಕರೆದು, ಆಮೇಲೆ ಡೀಮನ್ ಆಗಲು ಫೋರ್ಕ್ ಮಾಡಿದರೆ, ಬೀಗ ಬಿದ್ದಿರುವುದು ಸತ್ತುಹೋದ ತಂದೆಯ ಮೆಮೊರಿಗೆ. ಸರಿಯಾದ ಕ್ರಮ: ಐಒ ಫ್ಲಶರ್, ಆಮೇಲೆ ಫೋರ್ಕ್, ಆಮೇಲೆ ಎಂಲಾಕ್‌ಆಲ್, ಆಮೇಲೆ ಥ್ರೆಡ್‌ಗಳು, ಕೊನೆಗೆ ಅಧಿಕಾರ ಬಿಡುವುದು. ಹಂತ 3ರ ಪುಟ್ಟ ಪ್ರೋಗ್ರಾಂನಲ್ಲಿ ಎಂಲಾಕ್‌ಆಲ್ ಹಾಕಿ ಪ್ರಯೋಜನವಿಲ್ಲ ಎಂಬುದೂ ಇದರಿಂದಲೇ ಗೊತ್ತಾಗುತ್ತದೆ.

ಥ್ರೆಡ್ ಸ್ಟ್ಯಾಕ್ ಗಾತ್ರವನ್ನೂ ಇಳಿಸಿ. ಸಾಮಾನ್ಯವಾಗಿ ಒಂದಕ್ಕೆ 8 ಎಂಬಿ ಇರುತ್ತದೆ. ಫ್ಯೂಚರ್ ಗುರುತು ಇದ್ದಾಗ ಅದರಷ್ಟೂ ಮೆಮೊರಿ ತಕ್ಷಣ ತುಂಬಿಕೊಳ್ಳುತ್ತದೆ, 100 ಥ್ರೆಡ್‌ಗೆ 800 ಎಂಬಿ. 256 ಕೆಬಿ ಕೊಟ್ಟು ಪರೀಕ್ಷಿಸಿ, ಸಾಲದಿದ್ದರೆ ಹೆಚ್ಚಿಸಿ.

ಬೀಗ ಬಿದ್ದಿದೆಯೇ ಎಂದು ನೋಡಲು ಪ್ರಾಕ್‌ನ ಸ್ಟೇಟಸ್ ಫೈಲ್‌ನಲ್ಲಿ "ವಿಎಂ ಲಾಕ್" ಸಾಲು ಇದೆ. ಅದು ಸೊನ್ನೆಯಾಗಿದ್ದರೆ ಬಿದ್ದಿಲ್ಲ. ಕರೆಯೇ ಎರರ್ 12 ಕೊಟ್ಟರೆ ಮೆಮ್‌ಲಾಕ್ ಮಿತಿ ಸಾಲದು ಎಂದರ್ಥ.

ಡಿಎನ್‌ಎಸ್ ಅನ್ನು ಮರೆಯಬೇಡಿ. ಸಂಪರ್ಕ ಕಡಿದು ಮತ್ತೆ ಜೋಡಿಸುವಾಗ ಹೆಸರಿನಿಂದ ವಿಳಾಸ ಹುಡುಕಲು ಹೋದರೆ ಜಿಲಿಬ್‌ಸಿ ಸಂರಚನೆಯ ಫೈಲ್‌ಗಳನ್ನು ಡಿಸ್ಕ್‌ನಿಂದ ಓದುತ್ತದೆ, ಕೆಲವೊಮ್ಮೆ ಆಗ ತಾನೇ ಹೊಸ ಲೈಬ್ರರಿಯನ್ನೂ ಲೋಡ್ ಮಾಡುತ್ತದೆ. ಆ ಡಿಸ್ಕ್ ಈಗ ನಿಂತಿದೆ. ವಿಳಾಸವನ್ನು ಶುರುವಿನಲ್ಲೇ ಹುಡುಕಿ ಸಂಖ್ಯೆಯಾಗಿ ಇಟ್ಟುಕೊಳ್ಳಿ.

## ಹಂತ 7: ಮಕ್ಕಳ ಮೇಲಿನ ಗುರುತು ತೆಗೆಯಿರಿ

ಡೀಮನ್ ಆಗಾಗ ಒಂದು ಶೆಲ್ ಸ್ಕ್ರಿಪ್ಟನ್ನೋ ಬ್ಯಾಕಪ್ ಪ್ರೋಗ್ರಾಂ ಅನ್ನೋ ಓಡಿಸುತ್ತದೆ ಎಂದುಕೊಳ್ಳಿ. ಗುರುತು ಅದಕ್ಕೂ, ಅದು ಓಡಿಸುವ ಪ್ರತಿಯೊಂದಕ್ಕೂ ಇಳಿಯುತ್ತದೆ. ಗಿಗಾಬೈಟ್‌ಗಟ್ಟಲೆ ಬರೆಯುವ ಸಾಮಾನ್ಯ ಪ್ರೋಗ್ರಾಂಗೆ ಈ ರಿಯಾಯಿತಿ ಸಿಕ್ಕರೆ ಅದು ಮೆಮೊರಿ ಕೇಳುತ್ತಲೇ ಇರುತ್ತದೆ, ತೆರವಿಗೆ ಪೂರ್ತಿ ಕೈ ಹಚ್ಚುವುದಿಲ್ಲ. ಉಳಿದವರ ಪಾಲಿನ ಭಾರ ಹೆಚ್ಚುತ್ತದೆ.

ಫೋರ್ಕ್ ಆದ ಮೇಲೆ, ಎಕ್ಸೆಕ್‌ಗೆ ಮುನ್ನ, ಮಗುವಿನಲ್ಲಿ 57, 0 ಎಂದು ಕರೆಯಿರಿ. ತೆಗೆಯಲೂ ಅದೇ ಅಧಿಕಾರ ಬೇಕು. ಡೀಮನ್ ಆಗಲೇ ಅಧಿಕಾರ ಬಿಟ್ಟಿದ್ದರೆ ತೆಗೆಯಲಾಗದು. ಅಂಥಲ್ಲಿ ಶುರುವಿನಲ್ಲೇ, ಗುರುತು ಹತ್ತಿಸುವ ಮುನ್ನ, ಒಂದು ಸಹಾಯಕ ಪ್ರೊಸೆಸ್ ಫೋರ್ಕ್ ಮಾಡಿಟ್ಟುಕೊಂಡು ಹೊರಗಿನ ಪ್ರೋಗ್ರಾಂಗಳನ್ನೆಲ್ಲ ಅದರ ಮೂಲಕ ಓಡಿಸಿ.

## ಹಂತ 8: ಸಿಸ್ಟಂಡಿ ಯುನಿಟ್ ಫೈಲ್ ಸರಿಪಡಿಸಿ

ಕೇಪಬಿಲಿಟಿ ಬೌಂಡಿಂಗ್ ಸೆಟ್ ಬರೆದಿದ್ದರೆ ಅದರಲ್ಲಿ ಕ್ಯಾಪ್ ಸಿಸ್ ರಿಸೋರ್ಸ್ ಇರಲಿ. ಭದ್ರತೆ ಬಿಗಿ ಮಾಡುವ ಹುಮ್ಮಸ್ಸಿನಲ್ಲಿ ಮೊದಲು ಹಾರಿಹೋಗುವುದು ಇದೇ. ರೂಟ್ ಅಲ್ಲದ ಬಳಕೆದಾರನಾಗಿ ಓಡಿಸುವುದಾದರೆ ಆಂಬಿಯೆಂಟ್ ಕೇಪಬಿಲಿಟೀಸ್‌ನಲ್ಲೂ ಬರೆಯಿರಿ. ಮೆಮ್‌ಲಾಕ್ ಮಿತಿಯನ್ನು ಇನ್ಫಿನಿಟಿ ಮಾಡಿ. ಕರ್ನಲ್‌ನ ಮೂಲ ಮಿತಿ ಬಹುಕಾಲ 64 ಕೆಬಿ ಇತ್ತು, 5.16ರಿಂದ 8 ಎಂಬಿ. ಎರಡೂ ಸಾಲವು.

ಓಓಎಂ ಸ್ಕೋರ್ ಅಡ್ಜಸ್ಟ್ (ಓಓಎಂ ಕಿಲ್ಲರ್ ಯಾರನ್ನು ಮೊದಲು ಕೊಲ್ಲಬೇಕೆಂಬ ಅಂಕ): ರೂಟ್ ಫೈಲ್‌ಸಿಸ್ಟಂ ಇದರ ಮೇಲೆ ನಿಂತಿದ್ದರೆ -1000. ಇಲ್ಲದಿದ್ದರೆ -900ರ ಆಸುಪಾಸು ಸಾಕು ಎನ್ನುತ್ತೇನೆ, ಸೋರಿಕೆ ಇದ್ದರೆ ಕೊನೆಗಾದರೂ ಸಿಕ್ಕಿಬೀಳಲಿ. ಈ ಅಂಕವೂ ಮಕ್ಕಳಿಗೆ ಇಳಿಯುತ್ತದೆ, ಹಂತ 7ರಲ್ಲೇ 0 ಮಾಡಿ. ಸಿಸ್ಟಂಡಿ ಓಓಎಂಡಿ ಓಡುತ್ತಿರುವ ಮಷೀನ್‌ನಲ್ಲಿ ಈ ಅಂಕವನ್ನು ಅದು ಲೆಕ್ಕಿಸುವುದಿಲ್ಲ. ಅದಕ್ಕೆ ಮ್ಯಾನೇಜ್ಡ್ ಓಓಎಂ ಪ್ರಿಫರೆನ್ಸ್ ಅನ್ನು ಒಮಿಟ್ ಎಂದು ಬೇರೆಯಾಗಿ ಹೇಳಬೇಕು.

ಮೆಮೊರಿ ಮಿನ್ ಬಳಸಿ ಡೀಮನ್‌ಗೆ ಬೇಕಾದಷ್ಟನ್ನು ಕಾಯ್ದಿರಿಸಿ. ಅದರ ಮೇಲಿನ ಸ್ಲೈಸ್‌ಗೂ ಅಷ್ಟು ಕೊಟ್ಟಿರಬೇಕು, ಇಲ್ಲದಿದ್ದರೆ ಕೆಳಗೆ ಬರೆದದ್ದು ಕೆಲಸ ಮಾಡದು. ಮೆಮೊರಿ ಹೈ ಮಾತ್ರ ಎಂದೂ ಹಾಕಬೇಡಿ. ಆ ಗೆರೆ ದಾಟಿದ ಕೂಡಲೇ ಕರ್ನಲ್ ಪ್ರೊಸೆಸ್ ಅನ್ನು ಬೇಕೆಂದೇ ನಿಧಾನ ಮಾಡುತ್ತದೆ, ನಿಧಾನವಾದ ಸ್ಟೋರೇಜ್ ಡೀಮನ್ ಎಂದರೆ ನಿಧಾನವಾದ ಇಡೀ ಮಷೀನ್.

## ಹಂತ 9: ಲಾಗ್, ಸ್ವಾಪ್, ಕೋರ್ ಡಂಪ್ ಎಲ್ಲಿ ಬೀಳುತ್ತವೆ ನೋಡಿ

ಡೀಮನ್ ತನ್ನ ಲಾಗ್ ಅನ್ನು ತಾನೇ ನಡೆಸುವ ಡಿವೈಸ್ ಮೇಲೆ ಬರೆಯಬಾರದು. ಜರ್ನಲ್‌ಡಿ ಮೂಲಕ ಬರೆದರೂ ಅಷ್ಟೆ: ಜರ್ನಲ್‌ಡಿ ಡಿಸ್ಕ್‌ಗೆ ಕಾಯುತ್ತ ಕುಳಿತರೆ ಅದರ ಸಾಕೆಟ್ ತುಂಬುತ್ತದೆ, ಬರೆಯಲು ಹೋದ ಡೀಮನ್ ಥ್ರೆಡ್ ಅಲ್ಲೇ ನಿಲ್ಲುತ್ತದೆ. ಲಾಗ್ ಬರೆಯುವ ಸಾಕೆಟ್ ನಾನ್‌ಬ್ಲಾಕಿಂಗ್ ಆಗಿರಲಿ, ಜಾಗವಿಲ್ಲದಿದ್ದರೆ ಆ ಸಾಲು ಬಿಟ್ಟುಹೋಗಲಿ. ಕೋರ್ ಡಂಪ್‌ಗೂ ಬೇರೆ ಡಿಸ್ಕ್ ತೋರಿಸಿ. ಸ್ವಾಪ್ ಅನ್ನು ಆ ಡಿವೈಸ್ ಮೇಲೆ ಇಡಬೇಡಿ. ಇದಕ್ಕೆ ವಿನಾಯಿತಿ ಕೇಳುವವರಿಗೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ.

ಕೊಳೆ ಪೇಜ್‌ಗಳ ಮಿತಿಯನ್ನೂ ಇಳಿಸುವುದು ಒಳ್ಳೆಯದು. ಮೂಲ ಹೊಂದಿಕೆಯಲ್ಲಿ 20% ತನಕ ಬಿಡುತ್ತದೆ, ಹಿನ್ನೆಲೆ ಬರವಣಿಗೆ 10%ಕ್ಕೆ ಶುರು. ಡರ್ಟಿ ಬೈಟ್ಸ್ ಮೂಲಕ ಕೆಲವು ನೂರು ಎಂಬಿಗೆ ಕಟ್ಟಿಹಾಕಿ. ವಾಟರ್‌ಮಾರ್ಕ್ ಸ್ಕೇಲ್ ಫ್ಯಾಕ್ಟರ್ ಅನ್ನು 10ರಿಂದ 100ಕ್ಕೆ, ಅಂದರೆ 0.1%ದಿಂದ 1%ಕ್ಕೆ ಏರಿಸಿದರೆ ಕೆಸ್ವಾಪ್‌ಡಿ ಬೇಗ ಏಳುತ್ತದೆ, ಡೈರೆಕ್ಟ್ ರಿಕ್ಲೇಮ್ ತನಕ ಹೋಗುವ ಪ್ರಸಂಗವೇ ಕಡಿಮೆಯಾಗುತ್ತದೆ. ಫ್ಯೂಸ್ ಫೈಲ್‌ಸಿಸ್ಟಂಗಳಿಗೆ ಕರ್ನಲ್ ತಾನೇ ಆ ಮಿತಿಯ 1% ಪಾಲು ಎಂದು ಕಟ್ಟಿರುತ್ತದೆ. ಬರವಣಿಗೆ ವೇಗ ಸಾಲದೆಂದು ಅದನ್ನು ಸಡಿಲಿಸಿದ್ದರೆ ಮೊದಲಿದ್ದಂತೆ ಮಾಡಿ ನೋಡಿ.

## ಹಂತ 10: ಬೇಕೆಂದೇ ಉಸಿರುಗಟ್ಟಿಸಿ ಪರೀಕ್ಷಿಸಿ

ಮೊದಲ ಓಟ ಗುರುತು ಇಲ್ಲದೆ. ರೋಗ ಕಾಣಿಸದಿದ್ದರೆ ಮದ್ದು ನಾಟಿತೆಂದು ಹೇಗೆ ಹೇಳುವಿರಿ? ಡೀಮನ್‌ನ ಡಿವೈಸ್ ಮೇಲೆ ಎಕ್ಸ್‌ಎಫ್‌ಎಸ್ ಮಾಡಿ ಮೌಂಟ್ ಮಾಡಿ. ಹಂಗ್ ಟಾಸ್ಕ್ ಅವಧಿಯನ್ನು 120ರಿಂದ 30 ಸೆಕೆಂಡಿಗೆ ಇಳಿಸಿ. ಒಂದು ಕಡೆ ಡಿಡಿಯಿಂದ ಮೆಮೊರಿಗಿಂತ ದೊಡ್ಡ ಫೈಲ್ ಬರೆಯಿರಿ. ಇನ್ನೊಂದು ಕಡೆ ಕರ್ನಲ್ ಸೋರ್ಸ್‌ನಂಥ ಸಾವಿರಾರು ಸಣ್ಣ ಫೈಲ್‌ಗಳ ಟಾರ್ ಬಿಚ್ಚಿ, ಐನೋಡ್ ಕ್ಯಾಶ್ ತುಂಬುವುದು ಇದರಿಂದಲೇ. ಬರೀ ದೊಡ್ಡ ಫೈಲ್ ಬರೆದು "ನನ್ನಲ್ಲಿ ಹ್ಯಾಂಗ್ ಆಗುವುದಿಲ್ಲ" ಎನ್ನುವವರು ಈ ಅರ್ಧವನ್ನು ಬಿಟ್ಟಿರುತ್ತಾರೆ. ಇವೆರಡೂ ನಡೆಯುತ್ತಿರುವಾಗ ಸ್ಟ್ರೆಸ್-ಎನ್‌ಜಿಯಿಂದ ಮಿಕ್ಕ ಮೆಮೊರಿ ತಿನ್ನಿಸಿ. ಡೀಮನ್ ದೂರದ ಸರ್ವರ್‌ನೊಂದಿಗೆ ಮಾತಾಡುವಂಥದ್ದಾದರೆ ನಡುನಡುವೆ ನೆಟ್‌ವರ್ಕ್ ಕಡಿದು ಮತ್ತೆ ಜೋಡಿಸಿ.

ಹ್ಯಾಂಗ್ ಆದರೆ ಸ್ಟ್ಯಾಕ್ ಉಳಿಸಿಕೊಳ್ಳಿ. ಆಮೇಲೆ ಗುರುತು ಹಾಕಿ ಅದನ್ನೇ ಮತ್ತೆ ನಡೆಸಿ. ಕೆಲವು ನಿಮಿಷ ಸಾಲದು, ರಾತ್ರಿಯಿಡೀ ಬಿಡಿ.

ಫ್ಯೂಸ್ ಸಿಲುಕಿದರೆ ಸಿಸ್ ಕೆಳಗಿನ ಫ್ಯೂಸ್ ಕನೆಕ್ಷನ್ಸ್ ಡೈರೆಕ್ಟರಿಯಲ್ಲಿ ಆ ಸಂಪರ್ಕದ ಅಬಾರ್ಟ್ ಫೈಲ್‌ಗೆ 1 ಬರೆದರೆ ಕಾಯುತ್ತಿರುವವರು ಎರರ್ ಪಡೆದು ಬಿಡುಗಡೆಯಾಗುತ್ತಾರೆ. ಬರೆಯದೆ ಉಳಿದ ಡೇಟಾ ಹೋಗುತ್ತದೆ ಎಂಬುದು ನೆನಪಿರಲಿ.

## ನಂತರವೂ ಕಣ್ಣಿಡಬೇಕಾದ ಸೂಚನೆಗಳು

ಡೀಮನ್‌ನ ಸ್ಟ್ಯಾಟ್ ಫೈಲ್‌ನ 12ನೇ ಅಂಕಣ, ಅಂದರೆ ಡಿಸ್ಕ್ ತನಕ ಹೋದ ಪೇಜ್ ಫಾಲ್ಟ್‌ಗಳ ಎಣಿಕೆ, ಶುರುವಿನ ಗದ್ದಲ ಮುಗಿದ ಮೇಲೆ ಏರಬಾರದು. ಏರುತ್ತಿದ್ದರೆ ಬೀಗ ಸರಿಯಾಗಿ ಬಿದ್ದಿಲ್ಲ, ಹಂತ 6ಕ್ಕೆ ಹಿಂದಿರುಗಿ.

ವಿಎಂಸ್ಟ್ಯಾಟ್‌ನ ಅಲಾಕ್‌ಸ್ಟಾಲ್ ಸಾಲುಗಳು ಸದಾ ಏರುತ್ತಿದ್ದರೆ ಮಷೀನ್ ಡೈರೆಕ್ಟ್ ರಿಕ್ಲೇಮ್‌ನಲ್ಲೇ ಬದುಕುತ್ತಿದೆ. ಪ್ರೆಶರ್ ಡೈರೆಕ್ಟರಿಯ ಮೆಮೊರಿ ಫೈಲ್‌ನಲ್ಲಿ ಫುಲ್ ಸಾಲಿನ 60 ಸೆಕೆಂಡಿನ ಸರಾಸರಿ ಸೊನ್ನೆಯಿಂದ ಮೇಲೆದ್ದು ಕುಳಿತಿದ್ದರೂ ಅದೇ ಅರ್ಥ. ಇಂಥಲ್ಲಿ ಗುರುತು ಡೆಡ್‌ಲಾಕ್ ತಪ್ಪಿಸುತ್ತದೆ, ವೇಗ ಕೊಡುವುದಿಲ್ಲ. ಮೆಮೊರಿ ಹೆಚ್ಚಿಸಬೇಕು ಅಥವಾ ಕೆಲಸ ಕಡಿಮೆ ಮಾಡಬೇಕು.

ಡೀಮನ್‌ಗೆ ಹೊಸ ಲೈಬ್ರರಿ ಸೇರಿಸಿದ ದಿನ, ಯುನಿಟ್ ಫೈಲ್ ತಿದ್ದಿದ ದಿನ, ಕಂಟೇನರ್‌ಗೆ ಸಾಗಿಸಿದ ದಿನ ಹಂತ 4ರ ಲೆಕ್ಕವನ್ನು ಮತ್ತೆ ಮಾಡಿ. ಪ್ರತಿ ಥ್ರೆಡ್‌ಗೂ ಶೇಷ 3 ಬರಲಿ.